ಕಿಟಕಿಯ ಪಾಲು

ತಿಬಿಲಿಸಿಯಲ್ಲಿ ಬೆಳಗು ಮೊದಲು ಮೂಗಿಗೆ ಆಗುತ್ತದೆ,
ಆಮೇಲೆ ಕಣ್ಣಿಗೆ.
ಬೀದಿಯಿಂದ ಏಳು ಮೆಟ್ಟಿಲು ಕೆಳಗೆ ನಮ್ಮ ರೊಟ್ಟಿ ಅಂಗಡಿ.
ಬಾವಿಯಂಥ ಮಣ್ಣಿನ ಒಲೆ.
ಅದರ ಬಾಯೊಳಗೆ ಸೊಂಟದವರೆಗೂ ಬಗ್ಗಿ
ಬಿಸಿ ಗೋಡೆಗೆ ಹಿಟ್ಟು ಬಡಿದು
ಮುಳುಗಿ ಎದ್ದವನ ಹಾಗೆ ಉಸಿರೆಳೆದುಕೊಳ್ಳುವವನು ಬದ್ರಿ.
ನಾದುವವಳು ಲಾಮಾರಾ.
ಕಿಟಕಿಗೆ ನಾನು,
ಆರರಿಂದ ಹತ್ತರವರೆಗೆ. ಆಮೇಲೆ ಕಾಲೇಜು,
ಕೂದಲಲ್ಲಿ ಹಿಟ್ಟು;
ಹಿಂದಿನ ಬೆಂಚಿನವರು ಅದನ್ನು ನರೆ ಅನ್ನುತ್ತಾರೆ.

ನಮ್ಮ ಕಿಟಕಿ ಇರುವುದು ದಾರಿಹೋಕರ ಮೊಣಕಾಲಿನ ಎತ್ತರಕ್ಕೆ.
ರೊಟ್ಟಿ ಬೇಕೆಂದರೆ ವಕೀಲನೂ ಬಗ್ಗಬೇಕು.
ದೋಣಿಯಂಥ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟರೆ
‘ನಿನ್ನ ಕೈಗುಣ ಚೆನ್ನ, ಮಗಳೇ’ ಅಂದು
ಚಿಲ್ಲರೆ ಬಿಟ್ಟು ಹೋಗುತ್ತಾರೆ.
ನನ್ನ ಕೈಗುಣ!
ನನ್ನ ಕೈ ಮಾಡಿದ್ದು ಕಾಗದದ ಕೆಲಸ.
ಒಲೆಗೆ ಬೆನ್ನು ಮಾತ್ರ ಇದೆ, ಮುಖವಿರುವುದು ಕಿಟಕಿಗೆ.
ಚಿಲ್ಲರೆ ಬೀಳುವುದು ಮುಖವಿದ್ದ ಕಡೆ.

ಜಾಮಿನ ಹಳೆಯ ಬಾಟಲಿ. ಹತ್ತಕ್ಕೆ ಎಣಿಸಿ ಮೂರು ಪಾಲು.
ತಕರಾರಿಲ್ಲ. ಪಾಲಿಗೆ ಬಂದದ್ದು ಪಂಚಾಮೃತ.

ಕಾಲೇಜಿನಲ್ಲಿ ಮಾತ್ರ ನಾನು ನ್ಯಾಯದ ಹುಲಿ.
ಸಂಖ್ಯಾಶಾಸ್ತ್ರದ ಗುಂಪು ಕೆಲಸ, ನಾಲ್ವರಿಗೆ ಒಂದೇ ಅಂಕ:
ಎರೆಕ್ಲೆ ನಿದ್ದೆ ಮಾಡಿದ, ಸಲೋಮೆ ಹೊದಿಕೆಯ ಬಣ್ಣ ಆರಿಸಿದಳು,
ಕೋಷ್ಟಕ, ನಕ್ಷೆ, ನಲವತ್ತು ಪುಟ ನಾನೊಬ್ಬಳೇ ಬರೆದೆ.
ಗುರುಗಳ ಬಾಗಿಲು ತಟ್ಟಿ ‘ಇದು ಅನ್ಯಾಯ’ ಅಂದೆ,
ದನಿ ನಡುಗುವಷ್ಟು ನಿಜವಾಗಿ.
ಅವರು ಕನ್ನಡಕ ಒರೆಸಿಕೊಂಡು ಕೇಳಿದರು:
‘ನಿಲ್ದಾಣದಲ್ಲಿ ಜನರನ್ನು ಎಣಿಸಿದ್ದು ಯಾರು?’
ವಾತೋ. ಎರಡು ದಿನ, ಹಿಮದಲ್ಲಿ,
ನೆನೆದ ಪುಸ್ತಕದ ತುಂಬ ಐದೈದರ ಗೀಟು ಎಳೆದಿದ್ದ.
ಅದು ನನಗೆ ಕೆಲಸವಾಗಿ ಕಂಡಿರಲಿಲ್ಲ,
ಕಚ್ಚಾ ಅಂಕಿಯಾಗಿ ಕಂಡಿತ್ತು.

ಮರುದಿನ ಪೊರಕೆ ಹಿಡಿದವಳು ನಿಂತುಬಿಟ್ಟೆ.
ದಿನಾ ನಾನು ಗುಡಿಸುವ ಮೊದಲ ಕಸ
ಮೆಟ್ಟಿಲು ಹತ್ತಿಹೋದ ಬಿಳಿ ಹೆಜ್ಜೆಗಳು.
ನಾಲ್ಕಕ್ಕೆ ಬಂದು ಹನ್ನೆರಡು ಮೂಟೆ ಇಳಿಸಿ
ನಮ್ಮ ಬಾಟಲಿ ಬಾಯಿ ತೆರೆಯುವ ಮೊದಲೇ ಹೋಗುವ
ಮಾಲ್ಖಾಜ್.
ಪಾಲಿಗೆ ಬಂದದ್ದು ಪಂಚಾಮೃತ, ಸರಿ;
ಪಾಲಿಗೇ ಬಾರದವನು ಏನು ಕುಡಿಯಬೇಕು?

ಲಾಮಾರಾ ಅಂದಳು: ‘ಅವನಿಗೆ ಮೂಟೆ ಲೆಕ್ಕದಲ್ಲಿ ಕೂಲಿ ಇದೆಯಲ್ಲ.’
‘ನಮಗೂ ಸಂಬಳ ಇದೆಯಲ್ಲ’ ಅಂದೆ.
ಬದ್ರಿ ತನ್ನ ಸುಟ್ಟ ಮೊಣಕೈ ನೋಡಿಕೊಂಡ,
ಮಾತಾಡಲಿಲ್ಲ.
ಆ ಕೈ ಕಂಡಮೇಲೆ ನನಗೂ ಮಾತು ಬರಲಿಲ್ಲ.

ಹಾಗಾಗಿ ಇವತ್ತು ನಾಲ್ಕಕ್ಕೇ ಬಂದೆ,
ನನ್ನ ಪಾಲಿನದರಲ್ಲಿ ಅರ್ಧ ಕಾಗದದಲ್ಲಿ ಕಟ್ಟಿಕೊಂಡು.
ಮುದುಕ ಅಂಗೈಯಲ್ಲಿ ತೂಗಿ ನೋಡಿದ.
‘ಇದು ಪಾಲೋ, ಧರ್ಮವೋ?’
ನಾನು ಸುಳ್ಳು ಹೇಳಲು ಬಾಯಿ ತೆರೆದೆ.
ಅಷ್ಟರಲ್ಲಿ ಪೊಟ್ಟಣ ನನ್ನ ಜೇಬಿಗೆ ವಾಪಸು ಬಂದಿತ್ತು.
‘ಬಂದಿದ್ದೀಯಲ್ಲ, ಆ ತುದಿ ಹಿಡಿ.’

ಹಿಡಿದೆ. ಮೂರನೆಯ ಮೆಟ್ಟಿಲಲ್ಲಿ ಜಾರಿತು.
ಅವನು ಬೈಯಲಿಲ್ಲ, ಹಾರೈಸಲೂ ಇಲ್ಲ;
ನಾನು ಹಿಡಿ ಬದಲಿಸುವ ತನಕ
ಇಡೀ ಮೂಟೆಯ ಭಾರ ತನ್ನ ಎದೆಗಾನಿಸಿಕೊಂಡು ನಿಂತ.
ಆ ಹೊತ್ತು ಎಷ್ಟು ತೆತ್ರಿ ಬಾಳುತ್ತದೆ,
ಯಾವ ಕಾಲಮಿನಲ್ಲಿ ಬರೆಯುವುದು, ನನಗೆ ಕಲಿಸಿಲ್ಲ.

ಆರಕ್ಕೆ ಕಿಟಕಿ ತೆರೆದೆ. ಮೊದಲ ಹೆಂಗಸು ಬಗ್ಗಿದಳು:
‘ಎಂಥ ಕೈಗುಣ!’
‘ನನ್ನದಲ್ಲ’ ಅಂದೆ.
ಅವಳಿಗೆ ಕೇಳಿಸಲಿಲ್ಲ, ಬಸ್ಸು ಬಂದಿತ್ತು.
ನಾಣ್ಯ ಬಾಟಲಿಯ ತಳಕ್ಕೆ ಬಿದ್ದು ಸದ್ದಾಯಿತು.
ಬದ್ರಿ ಒಲೆಯೊಳಗಿಂದ ತಲೆ ಎತ್ತಿ ನೋಡಿದ.

ಹತ್ತಾಗಲು ಇನ್ನೂ ನಾಲ್ಕು ತಾಸು.
ಮೆಟ್ಟಿಲು ಇವತ್ತು ಗುಡಿಸಿಲ್ಲ.